ಅಪ್‌ಡೇಟ್: ಮಾನವ ಹಕ್ಕುಗಳ ಇಂಟರ್ನ್‌ಶಿಪ್ ಸಿಕ್ಕಿತು

ಕಾನೂನು ಪದವಿಯ ಎರಡನೇ ವರ್ಷದಲ್ಲಿರುವ ನನಗೆ ಮಾನವ ಹಕ್ಕುಗಳು ಮತ್ತು ಸಾಮೂಹಿಕ ದೌರ್ಜನ್ಯ ತಡೆಯ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಎಲ್ಲಿ ಸಿಗಬಹುದೆಂದು ಕೇಳಿದ್ದೆ; ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಫಲ ಕೊಟ್ಟದ್ದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಆನ್‌ಲೈನ್ ಅಲ್ಪಾವಧಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿ ಎಂದವರ ಸಲಹೆ. ದೆಹಲಿಯಲ್ಲಿ ಉಳಿದುಕೊಳ್ಳುವ ಖರ್ಚಿಲ್ಲದೆ ಊರಿನಿಂದಲೇ ಭಾಗವಹಿಸಿದೆ. ಕಾಲೇಜಿನಿಂದ ಶಿಫಾರಸು ಪತ್ರ ಬೇಕಾಗುತ್ತದೆ, ಅದನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಪ್ರಯತ್ನಿಸುವ ಸಲಹೆ ಕೈಗೂಡಲಿಲ್ಲ. ಅಲ್ಲಿ ಪದವಿ ಮುಗಿಸಿದವರಿಗೆ ಅಥವಾ ಅದರ ಕೊನೆಯ ಹಂತದಲ್ಲಿರುವವರಿಗೆ ಮಾತ್ರ ಅವಕಾಶ. ಇ-ಮೇಲ್ ಕಳುಹಿಸಿದ ಕೆಲವು ಸಂಸ್ಥೆಗಳಿಂದ ಉತ್ತರವೇ ಬರಲಿಲ್ಲ.

ದೂರು ಬಂದಾಗ ಮೊದಲು ನೋಡಬೇಕಾದದ್ದು ಘಟನೆಯ ದಿನಾಂಕ ಎಂಬುದು ನನಗೆ ಹೊಸದು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36(2)ನೇ ಕಲಮಿನ ಪ್ರಕಾರ, ಉಲ್ಲಂಘನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗವು ಅದರ ವಿಚಾರಣೆ ನಡೆಸುವಂತಿಲ್ಲ. ಬೆದರಿ ಸುಮ್ಮನಿದ್ದ ಕುಟುಂಬಗಳ ಪಾಲಿಗೆ ಈ ಗಡುವು ಬಹಳ ಕಠೋರವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯವೂ ನನ್ನನ್ನು ಬೆಚ್ಚಿಬೀಳಿಸಿತು. ಜನಾಂಗಹತ್ಯೆ ತಡೆಯುವ 1948ರ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 1959ರಲ್ಲೇ ಅನುಮೋದಿಸಿದ್ದರೂ, ಆ ಅಪರಾಧ ನಮ್ಮ ದಂಡ ಕಾನೂನಿನ ಭಾಗವಾಗಿಲ್ಲವೆಂದೂ ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕೆಂದೂ 1984ರ ಸಿಖ್ಖರ ಹತ್ಯೆಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿತ್ತು. ಆ ತೀರ್ಪನ್ನೇ ನನ್ನ ಸಂಶೋಧನಾ ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ.