26 ಗೇಜ್ ಅಂತ ತಂದ ತಂತಿ ಕ್ಯಾಲಿಪರ್‌ನಲ್ಲಿ 24 ತೋರಿಸುತ್ತಿದೆ, ಟೊರಾಯ್ಡ್‌ನಲ್ಲಿ ಹಿಡಿಯುತ್ತಿಲ್ಲ

ಕೆಂಪು_ಟೊರಾಯ್ಡ್:
ಎಲ್ಲರಿಗೂ ನಮಸ್ಕಾರ. 40 ಮೀಟರ್ ಹ್ಯಾಮ್ ರೇಡಿಯೋ ಬ್ಯಾಂಡಿಗೆ ಒಂದು ಪುಟ್ಟ ರಿಸೀವರ್ ಕಟ್ಟುತ್ತಿದ್ದೇನೆ. ಸರ್ಕ್ಯೂಟ್ ಅಮೆರಿಕದ ಹವ್ಯಾಸಿಯೊಬ್ಬರದು. ಆಸಿಲೇಟರ್ ಕಾಯಿಲ್‌ಗೆ ಟಿ68-2 ಟೊರಾಯ್ಡ್ (ತಂತಿ ಸುತ್ತುವ ಬಳೆಯಾಕಾರದ ಕೋರ್) ಮೇಲೆ 26 ಗೇಜ್ (ದಪ್ಪ ಹೇಳುವ ನಂಬರ್) ಎನಾಮಲ್ ತಂತಿ, 50 ಸುತ್ತು ಅಂತ ಬರೆದಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ 26 ಅಂತಲೇ ಕೇಳಿ ಕಾಲು ಕೆಜಿ ತಂದೆ.

46 ಸುತ್ತಿಗೇ ಒಳಗೆ ಜಾಗ ಮುಗಿಯಿತು. ಇರಲಿ ಅಂತ ಹಾಗೇ ಹಾಕಿ ನೋಡಿದರೆ, 7.1 ಮೆಗಾಹರ್ಟ್ಸ್‌ನಲ್ಲಿ ಇರಬೇಕಾದದ್ದು 7.7ರ ಹತ್ತಿರ ಹೋಗಿ ಕೂತಿದೆ. ಕ್ಯಾಲಿಪರ್ ಹಿಡಿದೆ. 0.50 ಮಿ.ಮೀ., ಇನ್ನೊಂದು ಸಲ 0.51. ನೆಟ್‌ನಲ್ಲಿರುವ ಪಟ್ಟಿ ನೋಡಿದರೆ 0.51 ಅಂದರೆ 24 ಗೇಜ್! ಅಂಗಡಿಯವನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವನು "ಅದು 26ನೇ ಸಾರ್, ಯಾರ ಹತ್ರ ಬೇಕಾದ್ರೂ ತೋರಿಸಿ" ಅಂತ ಇಟ್ಟುಬಿಟ್ಟ. ನನಗೆ ಮೋಸ ಆಗಿದೆಯಾ?

ಹಳೇ_ರೇಡಿಯೋ:
ಮೋಸ ಆಗಿಲ್ಲ. ಆ ಪಾಪದವನಿಗೆ ಇನ್ನೊಂದು ಫೋನ್ ಮಾಡಿ.

ನಿಮ್ಮ ಸರ್ಕ್ಯೂಟ್‌ನಲ್ಲಿರುವ 26 ಅಮೆರಿಕದ ಗೇಜ್, ಎಡಬ್ಲ್ಯೂಜಿ. ನೀವು ನೋಡಿದ ಪಟ್ಟಿಯೂ ಅದರದ್ದೇ. ನಮ್ಮ ಕಡೆ ವೈಂಡಿಂಗ್ ತಂತಿ ಮಾರುವುದು ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ. ಅದು 1884ರಲ್ಲಿ ಬ್ರಿಟನ್‌ನಲ್ಲಿ ಜಾರಿಗೆ ಬಂದ ಗೇಜ್. ಅವರು ಹೋದರೂ ನಂಬರ್ ಇಲ್ಲೇ ಉಳಿಯಿತು. ಎರಡರಲ್ಲೂ ನಂಬರ್ ಹೆಚ್ಚಾದಷ್ಟು ತಂತಿ ಸಣ್ಣ, ಆದರೆ ಅಳತೆ ಬೇರೆ. ಬರೀ ತಾಮ್ರದ ದಪ್ಪ ನೋಡಿ, ಮಿ.ಮೀ.ನಲ್ಲಿ:

24: ಎಸ್‌ಡಬ್ಲ್ಯೂಜಿ 0.559, ಎಡಬ್ಲ್ಯೂಜಿ 0.511
26: ಎಸ್‌ಡಬ್ಲ್ಯೂಜಿ 0.457, ಎಡಬ್ಲ್ಯೂಜಿ 0.405
28: ಎಸ್‌ಡಬ್ಲ್ಯೂಜಿ 0.376, ಎಡಬ್ಲ್ಯೂಜಿ 0.321

ನಿಮ್ಮ ತಂತಿ 0.457. ಅದರ ಮೇಲೆ ಎನಾಮಲ್ ಪದರ, ಎರಡೂ ಬದಿ ಸೇರಿ 0.04ರಿಂದ 0.05. ಒಟ್ಟು 0.50 ಆಯಿತಲ್ಲ. ಅದು ಅಮೆರಿಕದ 24ರ ಬರಿ ತಾಮ್ರದ ಅಳತೆಗೆ ಸರಿಯಾಗಿ ಬಂದು ಕೂತಿರುವುದು ಬರೀ ಕಾಕತಾಳೀಯ. ಅದಕ್ಕೇ ಇಷ್ಟು ಗೊಂದಲ.

7.7 ಬಂದಿದ್ದಕ್ಕೂ ಕಾರಣ ಅಲ್ಲೇ ಇದೆ. ಇಂಡಕ್ಟನ್ಸ್ ಸುತ್ತಿನ ವರ್ಗದ ಪ್ರಕಾರ ಇಳಿಯುತ್ತದೆ. 50 ಸುತ್ತಿಗೆ 14.2 ಮೈಕ್ರೋಹೆನ್ರಿ ಇದ್ದದ್ದು 46ಕ್ಕೆ 12 ಆಗುತ್ತದೆ. ಇಂಡಕ್ಟನ್ಸ್ ಇಳಿದರೆ ಫ್ರೀಕ್ವೆನ್ಸಿ ಏರುತ್ತದೆ. ತಂತಿಯ ದಪ್ಪದಿಂದ ನೇರವಾಗಿ ಏನೂ ಆಗಿಲ್ಲ, ಸುತ್ತು ಕಡಿಮೆಯಾಗಿದ್ದೇ ತೊಂದರೆ.

ಕೆಂಪು_ಟೊರಾಯ್ಡ್:
ಅಯ್ಯೋ, ಫೋನ್ ಮಾಡ್ತೀನಿ ಸರ್. ಆದರೆ ನಿಮ್ಮ ಮಾತು ಪರೀಕ್ಷಿಸೋಣ ಅಂತ ಬ್ಲೇಡ್‌ನಿಂದ ಎನಾಮಲ್ ಕೆರೆದು ಅಳೆದೆ. 0.43 ಬಂತು! ಇದು ಆ 26ಕ್ಕೂ ಸೇರುವುದಿಲ್ಲ, ಈ 26ಕ್ಕೂ ಸೇರುವುದಿಲ್ಲ.

ಪಂಪ್‌ಸೆಟ್_ರಿವೈಂಡಿಂಗ್:
ಬ್ಲೇಡ್ ಹಾಕಿದರೆ ಎನಾಮಲ್ ಜೊತೆ ತಾಮ್ರವೂ ಬರುತ್ತದೆ. ಕೆರೆದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಬದಿ ಚಪ್ಪಟೆ ಆಗಿರುತ್ತದೆ. ಕ್ಯಾಲಿಪರ್ ಅಲ್ಲಿಗೇ ಕಚ್ಚಿಕೊಂಡಿದೆ.

ನಾವು ದಿನಾ ಸುಟ್ಟ ಮೋಟಾರ್ ಬಿಚ್ಚಿ ತಂತಿ ಅಳೆಯುತ್ತೇವೆ. ನಾವು ಮಾಡುವುದು ಹೀಗೆ. ತುದಿಯ ಒಂದು ಇಂಚನ್ನು ಲೈಟರ್‌ನಲ್ಲಿ ಸುಡಿ. ಹೊಗೆ ಕೆಟ್ಟದ್ದು, ಕಿಟಕಿ ಪಕ್ಕ ಮಾಡಿ. ತಣ್ಣಗಾದ ಮೇಲೆ ಕರಿಯನ್ನು ನೈಸ್ ಸ್ಯಾಂಡ್ ಪೇಪರ್‌ನಲ್ಲಿ ಹಗುರಾಗಿ ಒರೆಸಿ. ಎಳೆಯಬೇಡಿ, ಸುಟ್ಟ ತಾಮ್ರ ಮೆತ್ತಗಾಗಿರುತ್ತದೆ, ಎಳೆದರೆ ಉದ್ದವಾಗಿ ಸಣ್ಣಗಾಗುತ್ತದೆ. ಆಮೇಲೆ ತಂತಿಯನ್ನು ತಿರುಗಿಸುತ್ತಾ ಮೂರು ಕಡೆ ಅಳೆಯಿರಿ. ಪಿಯುಸಿ ಲ್ಯಾಬಿನಲ್ಲಿದ್ದ ಸ್ಕ್ರೂ ಗೇಜ್ ಸಿಕ್ಕರೆ ಕ್ಯಾಲಿಪರ್ ಪಕ್ಕಕ್ಕಿಡಿ. ಝೀರೋ ಎರರ್ (ಏನೂ ಇಡದೆ ಮುಚ್ಚಿದಾಗ ಸೊನ್ನೆ ತೋರಿಸುತ್ತದಾ ಅಂತ) ನೋಡುವುದನ್ನು ಮರೆಯಬೇಡಿ.

ಎರಡೂ ಇಲ್ಲ ಅಂದರೆ ಪೆನ್ಸಿಲ್ ಸಾಕು. ಸಂದಿಲ್ಲದಂತೆ 20 ಸುತ್ತು ಸುತ್ತಿ, ಉಗುರಿನಿಂದ ಒತ್ತಿ ಕೂಡಿಸಿ, ಸ್ಕೇಲ್ ಇಟ್ಟು 20ರಿಂದ ಭಾಗಿಸಿ. ಇದರಲ್ಲಿ ಎನಾಮಲ್ ಸೇರಿಯೇ ಬರುತ್ತದೆ. ನಿಮಗೆ ಟೊರಾಯ್ಡ್‌ನಲ್ಲಿ ಹಿಡಿಯುತ್ತದಾ ಅಂತ ನೋಡಲು ಬೇಕಿರುವುದೂ ಅದೇ ಅಲ್ವಾ?

ಗುಂಡಗಿನ ಗೇಜ್ ಪ್ಲೇಟ್ ಕೊಳ್ಳುವವರಿಗೆ ಒಂದು ಮಾತು. ಅಳೆಯಬೇಕಾದದ್ದು ಅಂಚಿನ ಸೀಳಿನಲ್ಲಿ, ಸೀಳಿನ ಕೊನೆಯ ತೂತಿನಲ್ಲಲ್ಲ. ತೂತು ತಂತಿ ಹೊರಗೆ ಬರಲಿ ಅಂತ ಇರುವುದು. ನಮ್ಮಲ್ಲಿಗೆ ಬರುವ ಹೊಸ ಹುಡುಗರೆಲ್ಲ ಮೊದಲ ವಾರ ತೂತಿಗೇ ತೂರಿಸುತ್ತಾರೆ.

ಕೆಂಪು_ಟೊರಾಯ್ಡ್:
ಸುಟ್ಟು ಅಳೆದೆ: 0.46, 0.45, 0.46. ಪೆನ್ಸಿಲ್ ಮೇಲೆ 20 ಸುತ್ತಿಗೆ 10 ಮಿ.ಮೀ.ಗಿಂತ ಒಂದು ಕೂದಲು ಜಾಸ್ತಿ. ಪಕ್ಕಾ 26 ಎಸ್‌ಡಬ್ಲ್ಯೂಜಿ. ಈಗ ಅಮೆರಿಕದ 26ರ ಬದಲು ಏನು ಕೇಳಲಿ?

ಹಳೇ_ರೇಡಿಯೋ:
27 ಎಸ್‌ಡಬ್ಲ್ಯೂಜಿ, 0.417. ಬೆಸ ನಂಬರ್ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ಇಲ್ಲದಿದ್ದರೆ 28 ತನ್ನಿ. ಇನ್ನು ಮೇಲೆ ನಂಬರ್ ಹೇಳಬೇಡಿ, "0.4 ಮಿ.ಮೀ. ತಂತಿ ಕೊಡಿ" ಅಂತ ಕೇಳಿ.

ಬ್ರೆಡ್‌ಬೋರ್ಡ್_ಭಟ್ಟ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ 14/36 ಅಂತ ಚೀಟಿ ಇರುವ ಎಳೆ ವೈರ್ ಇದೆ. ಇದು 14 ಗೇಜಾ, 36 ಗೇಜಾ? ಎಳೆಗಳನ್ನು ಹೊಸೆದು ಕ್ಯಾಲಿಪರ್ ಹಿಡಿದರೆ ಸಲಕ್ಕೊಂದು ಅಳತೆ ಬರುತ್ತದೆ.

ಪಂಪ್‌ಸೆಟ್_ರಿವೈಂಡಿಂಗ್:
ಎರಡೂ ಅಲ್ಲ. 36 ಎಸ್‌ಡಬ್ಲ್ಯೂಜಿಯ 14 ಎಳೆ. ಹಳೇ ಮನೆ ವೈರಿಂಗ್‌ನ 3/22, 7/20 ಇದ್ದವಲ್ಲ, ಅದೇ ಲೆಕ್ಕ. ಹೊಸೆದ ಕಟ್ಟನ್ನು ಅಳೆಯಬೇಡಿ, ಎಳೆಗಳ ನಡುವೆ ಗಾಳಿ ಇರುತ್ತದೆ. ಒಂದು ಎಳೆ ಅಳೆದು, ಎಳೆ ಎಣಿಸಿ. ಎಳೆ 0.193 ಇದ್ದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ 0.029 ಚದರ ಮಿ.ಮೀ. ಹದಿನಾಲ್ಕಕ್ಕೆ 0.41. ಅಮೆರಿಕದ 20ಕ್ಕೂ 22ಕ್ಕೂ ನಡುವೆ.

ಹಳೇ_ರೇಡಿಯೋ:
ಅಗ್ಗದ ವೈರ್ ಆದರೆ ತಾಮ್ರವೇನಾ ಅಂತಲೂ ನೋಡಿ. ಬಿಚ್ಚಿದ ಎಳೆಗೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಉಕ್ಕು. ಜಂಪರ್ ವೈರ್‌ಗಳಲ್ಲಿ ಇದನ್ನು ಕಂಡಿದ್ದೇನೆ. ತುದಿಯ ಪಿನ್‌ಗೆ ಹಿಡಿಯಬೇಡಿ, ಪಿನ್ ಒಳ್ಳೇ ವೈರ್‌ನಲ್ಲೂ ಅಂಟಬಹುದು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಇದ್ದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಆಗ ಸರಿಯಾಗಿ 1 ಮೀಟರ್ ಉದ್ದದಲ್ಲಿ 1 ಆಂಪ್ ಹರಿಸಿ, ಎರಡು ತುದಿಯ ನಡುವೆ ಮಿಲಿವೋಲ್ಟ್ ನೋಡಿ. ನಿಮ್ಮ 14/36 ನಿಜವಾದ ತಾಮ್ರ ಆದರೆ ಸುಮಾರು 42 ಬರಬೇಕು. 60 ದಾಟಿದರೆ ಎಳೆ ಸಣ್ಣ ಇದೆ, ಇಲ್ಲವೇ ತಾಮ್ರ ಅಲ್ಲ. ಮಲ್ಟಿಮೀಟರ್‌ನ ಓಮ್ಸ್‌ನಲ್ಲಿ ಇದನ್ನು ಅಳೆಯಲು ಹೋಗಬೇಡಿ, ಅದರ ಪ್ರೋಬ್‌ನ ರೆಸಿಸ್ಟೆನ್ಸೇ ಇದಕ್ಕಿಂತ ಜಾಸ್ತಿ.

ಕೆಂಪು_ಟೊರಾಯ್ಡ್:
27 ಸಿಗಲಿಲ್ಲ, 28 ತಂದೆ. 50 ಸುತ್ತು ಆರಾಮವಾಗಿ ಕೂತಿತು, ಸಂದೂ ಉಳಿಯಿತು. ಟ್ರಿಮ್ಮರ್ (ಫ್ರೀಕ್ವೆನ್ಸಿ ಸ್ವಲ್ಪ ಹೊಂದಿಸುವ ತಿರುಪು ಕೆಪಾಸಿಟರ್) ಕಾಲು ಸುತ್ತು ತಿರುಗಿಸಿದ್ದಕ್ಕೆ 7.1ಕ್ಕೆ ಬಂತು. ಈ ಸಲವೂ ಅದೇ ಅಂಗಡಿಗೇ ಹೋಗಿದ್ದೆ. ಅವನು ತೂಕ ಹಾಕುವ ಮೊದಲೇ "ಕ್ಯಾಲಿಪರ್ ತಂದಿದ್ದೀರಾ ಸಾರ್?" ಅಂದ.