ಬಾಲಮಂದಿರ ಬಿಟ್ಟ ಮೇಲೆ ಆಸ್ಪತ್ರೆ ಖರ್ಚು ಹೇಗೆ ನೋಡಿಕೊಂಡ್ರಿ?

ಅಕ್ಕ, ದಾವಣಗೆರೆ:
ತಂಗಿಗೆ ಮುಂದಿನ ತಿಂಗಳು 18 ತುಂಬುತ್ತದೆ. ಬಾಲಮಂದಿರದಿಂದ ಬಂದು ನನ್ನ ಜೊತೆ ಪಿಜಿಯಲ್ಲಿ ಇರುತ್ತಾಳೆ. ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ಇಷ್ಟು ದಿನ ಅಲ್ಲಿಯವರೇ ಕೊಡಿಸುತ್ತಿದ್ದರು. ಅನುಭವ ಇದ್ದವರು ಹೇಳಿ.

ತುಮಕೂರಿನವನು:
ಮೊದಲು ರೇಷನ್ ಕಾರ್ಡ್ ಮಾಡಿಸಿ. ನಾನು ಮಾಡಿಸದೆ ಕೆಟ್ಟೆ. 2021ರಲ್ಲಿ ಅಪೆಂಡಿಕ್ಸ್. ಕೌಂಟರಿನಲ್ಲಿ ಆಧಾರ್ ಕೊಟ್ಟೆ. ವಿಳಾಸದಲ್ಲಿ ‘ಕೇರ್ ಆಫ್ ಅಧೀಕ್ಷಕರು’ ಅಂತಿದೆ. ಆ ಹುಡುಗಿ ಎರಡು ಸಲ ಓದಿ, "ಇವರು ನಿಮ್ಮ ತಂದೆಯಾ?" ಅಂದಳು. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಇಲ್ಲದವರಿಗೆ ಪ್ಯಾಕೇಜಿನ ಶೇ 30 ಮಾತ್ರ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲ ಅಂತ ನನಗೆ ಅದೂ ಸಿಗಲಿಲ್ಲ. ಸ್ಕ್ಯಾನಿಂಗ್ 3,200, ರೂಮು ನಾಲ್ಕು ದಿನಕ್ಕೆ 6,000, ಎಲ್ಲಾ ಸೇರಿ 48,700. ಗೆಳೆಯನ ಬೈಕ್ ಅಡ ಇಟ್ಟೆವು. ಅವನು ಈಗ ನನ್ನ ಫೋನ್ ಎತ್ತಲ್ಲ.

ಪೀಣ್ಯ ಅಕ್ಕ:
ಎಮರ್ಜೆನ್ಸಿಗೆ ರೆಫರಲ್ ಬೇಕಿಲ್ಲಪ್ಪ. ನೀವು ಕೇಳಬೇಕಿತ್ತು. ನಾನಂತೂ ಬಿಪಿಎಲ್ ಹಿಂದೆ ಅಲೆಯಲೇ ಇಲ್ಲ. ಗಾರ್ಮೆಂಟ್ಸ್ ಸೇರಿದೆ, ಇಎಸ್‌ಐ ಬಂತು, ಅಂದರೆ ಕಾರ್ಮಿಕರ ಆರೋಗ್ಯ ವಿಮೆ. 12,000 ಸಂಬಳಕ್ಕೆ 90 ರೂಪಾಯಿ ಕಡಿತ, ಅಷ್ಟೇ. ಆಯುಷ್ಮಾನ್ ನಡೆಯೋದು ಅಡ್ಮಿಟ್ ಆದರೆ ಮಾತ್ರ. ದಿನದ ಮಾತ್ರೆ ಕೊಡೋದು ಇಎಸ್‌ಐ. ಎಂಟು ವರ್ಷ ಆಯ್ತು, ಯಾರ ಮುಂದೆಯೂ ಕೈ ಚಾಚಿಲ್ಲ.

ತುಮಕೂರಿನವನು:
ಹೊಟ್ಟೆ ಹಿಡಿದುಕೊಂಡು ಒದ್ದಾಡುವವನು ರೂಲ್ಸ್ ಕೇಳುತ್ತಾನಾ ಅಕ್ಕ?

ಹೊಸೂರು ರಸ್ತೆ:
ಇಎಸ್‌ಐ ಹೊಗಳಬೇಡಿ. ನಮ್ಮ ಫ್ಯಾಕ್ಟರಿ ಮುಚ್ಚಿತು, ಕೆಲವು ತಿಂಗಳಿಗೆ ಇಎಸ್‌ಐನೂ ಹೋಯ್ತು. ಆಗಲೇ ಡೆಂಗಿ ಬರಬೇಕಾ? ಪ್ಲೇಟ್‌ಲೆಟ್ 22,000ಕ್ಕೆ ಇಳಿದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಬೆಡ್ಡಿಗೆ ಇಬ್ಬರು. ಆದರೂ ಬದುಕಿಸಿದರು.

ಪೀಣ್ಯ ಅಕ್ಕ:
ಕೆಲಸ ಹೋದರೆ ಇನ್ನೊಂದು ಹುಡುಕಬೇಕು. ನಾನು ಮೂರು ಫ್ಯಾಕ್ಟರಿ ಬದಲಾಯಿಸಿದೆ, ಇಎಸ್‌ಐ ನಂಬರ್ ಅದೇ.

ಹೊಸೂರು ರಸ್ತೆ:
ಡೆಂಗಿ ಇಟ್ಟುಕೊಂಡು ಇಂಟರ್‌ವ್ಯೂಗೆ ಹೋಗಲಾ?

ಮೈಸೂರು ಹುಡುಗಿ:
18ಕ್ಕೆ ಬಿಡಲೇಬೇಕು ಅಂತ ಯಾರು ಹೇಳಿದ್ದು? ಬಾಲಮಂದಿರ ಬಿಟ್ಟವರಿಗೆ ಇರುವ ಆಫ್ಟರ್ ಕೇರ್ ಹಾಸ್ಟೆಲ್‌ನಲ್ಲಿ 21ರವರೆಗೆ ಇರಬಹುದು. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000. ನನಗೆ ಮೊದಲ ದುಡ್ಡು ಬಂದಿದ್ದು ಏಳು ತಿಂಗಳಿಗೆ. ಹನ್ನೊಂದು ಸಲ ಕಚೇರಿಗೆ ಹೋದೆ, ಬಸ್ ಟಿಕೆಟ್ ಎಲ್ಲಾ ಇಟ್ಟಿದ್ದೇನೆ.

ತುಮಕೂರಿನವನು:
ಹಾಸ್ಟೆಲ್ ಸಿಕ್ಕವರ ಮಾತೇ ಬೇರೆ ಬಿಡಿ.

ಮೈಸೂರು ಹುಡುಗಿ:
ಸಿಕ್ಕಿದ್ದಲ್ಲ, ಅಲೆದು ತಗೊಂಡಿದ್ದು. ಸುಮ್ನೆ ಮಾತಾಡಬೇಡಿ.

ಅಕ್ಕ, ದಾವಣಗೆರೆ:
ದಯವಿಟ್ಟು ಜಗಳ ಬೇಡ. ಹಳೇ ಚೀಟಿಗಳ ಫೈಲ್ ಅಲ್ಲಿಂದ ಕೇಳಿ ತಗೊಳ್ಳಬಹುದಾ?

ಪೀಣ್ಯ ಅಕ್ಕ:
ಒರಿಜಿನಲ್ಲೇ ಕೇಳಮ್ಮ. ನನಗೆ ಜೆರಾಕ್ಸ್ ಕೊಟ್ಟರು, ಅದರಲ್ಲಿ ಡಾಕ್ಟರ್ ಸೀಲೇ ಮೂಡಿರಲಿಲ್ಲ.