ಲಸಿಕೆ ಬಗ್ಗೆ ಕೇಳಿ: ಇವತ್ತು ಮಕ್ಕಳ ಡಾಕ್ಟರು ಗ್ರೂಪಿನಲ್ಲಿದ್ದಾರೆ

ಅಡ್ಮಿನ್: ಮಗುವಿನ ವಯಸ್ಸು, ತೂಕ ಬರೆದು ಕೇಳಿ. ಫಾರ್ವರ್ಡ್ ಬೇಡ.

ಹೊಸ ಅಪ್ಪ: ಸರ್, ಮಗಳಿಗೆ ಎರಡೂವರೆ ತಿಂಗಳು, 5 ಕೆಜಿ. ಬೆಳಿಗ್ಗೆ ಪೆಂಟಾ (ಐದು ರೋಗಗಳ ಲಸಿಕೆ) ಆಯ್ತು, ಈಗ 101 ಜ್ವರ. ಪ್ಯಾರಸಿಟಮಾಲ್ ಎಷ್ಟು ಹಾಕಲಿ?

ಡಾಕ್ಟರ್: ಕೆಜಿಗೆ 15 ಮಿಗ್ರಾಂ, ಅಂದರೆ 75. ಬಾಟಲಿ ಮೇಲೆ 1 ಎಂಎಲ್‌ಗೆ 100 ಅಂತಿದ್ದರೆ ಅದು ಡ್ರಾಪ್ಸ್, 0.75 ಎಂಎಲ್ ಸಾಕು. 5 ಎಂಎಲ್‌ಗೆ 125 ಅಂತಿದ್ದರೆ ಸಿರಪ್, 3 ಎಂಎಲ್. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ, ಓದಿಯೇ ಹಾಕಿ. ಆರು ಗಂಟೆ ಅಂತರ ಇರಲಿ. ಹಾಲು ಬಿಟ್ಟರೆ, ಮಂಕಾದರೆ ಅಥವಾ ಜ್ವರ 48 ಗಂಟೆ ದಾಟಿದರೆ ಲಸಿಕೆಯದ್ದೇ ಅಂತ ಕೂರಬೇಡಿ, ತೋರಿಸಿ.

ಪುಟ್ಟಿ ಅಮ್ಮ: ನೆಗಡಿ ಇದೆ, ಹಾಕಿಸಬಹುದಾ?

ಡಾಕ್ಟರ್: ಹಾಕಿಸಿ.

ನೀಲಿ ಚಿಟ್ಟೆ: ಬಿಸಿಜಿ (ಟಿಬಿ ಲಸಿಕೆ) ಕಲೆ ಬಿದ್ದೇ ಇಲ್ಲ, ಮತ್ತೆ ಹಾಕಿಸಬೇಕಾ?

ಚಿನ್ನು ಅಮ್ಮ: ಮಗನಿಗೆ ಒಂದೂವರೆ ವರ್ಷ, 11 ಕೆಜಿ. ನೆಫ್ರೋಟಿಕ್ (ಕಿಡ್ನಿಯಿಂದ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ) ಅಂತ ಮೂರು ವಾರದಿಂದ ಪ್ರೆಡ್ನಿಸೊಲೋನ್ ಸ್ಟೆರಾಯ್ಡ್ ದಿನಾ 22 ಮಿಗ್ರಾಂ. ನಾಳೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡನೇ ಡೋಸ್. ಅದಕ್ಕೋಸ್ಕರ ಎರಡು ದಿನ ಸ್ಟೆರಾಯ್ಡ್ ನಿಲ್ಲಿಸಿದರೆ ಆಗುತ್ತಾ?

ಡಾಕ್ಟರ್: ಅಮ್ಮ, ಎರಡೂ ಬೇಡ. ನಾಳೆ ಎಂಎಂಆರ್ ಹಾಕಿಸಬೇಡಿ, ಸ್ಟೆರಾಯ್ಡನ್ನೂ ನಿಲ್ಲಿಸಬೇಡಿ. ಮೂರು ವಾರ ಕೊಟ್ಟ ಮೇಲೆ ಮೈ ತನ್ನ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ವಾಂತಿ, ಸುಸ್ತು, ಬಿಪಿ ಕುಸಿತ, ಜೀವಕ್ಕೇ ಅಪಾಯ. ಊತವೂ ಮರಳಬಹುದು.

ಎಂಎಂಆರ್‌ನಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್, ಸ್ಟೆರಾಯ್ಡ್ ಮಗುವಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿರುತ್ತದೆ. ದಿನಕ್ಕೆ ಕೆಜಿಗೆ 2 ಮಿಗ್ರಾಂನಂತೆ 14 ದಿನ ದಾಟಿದ್ದರೆ ಜೀವಂತ ಲಸಿಕೆ ತಡೆಯಬೇಕು, ನಿಮ್ಮದು ಸರಿಯಾಗಿ ಅಷ್ಟೇ ಇದೆ. ಕೋರ್ಸ್ ಮುಗಿದು ಕನಿಷ್ಠ 4 ವಾರ ಕಳೆಯಲಿ. ಕಿಡ್ನಿ ಡಾಕ್ಟರು ಇನ್ನೂ ಕಾಯಿರಿ ಅಂದರೆ ಕಾಯಿರಿ. ಹಾಕಿಸಿಕೊಂಡ ಮೊದಲ ಡೋಸ್ ಲೆಕ್ಕದಲ್ಲೇ ಇರುತ್ತದೆ.

ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆ ಜೀವಂತ ಲಸಿಕೆ ಅಲ್ಲ. ಇಂಥ ಮಕ್ಕಳಿಗೆ ಆ ಬ್ಯಾಕ್ಟೀರಿಯಾದಿಂದ ಹೊಟ್ಟೆಯೊಳಗೆ ಸೋಂಕಾಗುವುದುಂಟು, ಆ ಡೋಸ್ ಬಾಕಿ ಇದ್ದರೆ ಮೊದಲು ಅದನ್ನು ವಿಚಾರಿಸಿ. ದಡಾರ ಅಥವಾ ಚಿಕನ್‌ಪಾಕ್ಸ್ ಇದ್ದವರ ಜೊತೆ ಮಗು ಇತ್ತು ಅಂತ ಗೊತ್ತಾದರೆ ಅದೇ ದಿನ ಫೋನ್ ಮಾಡಿ. ದಡಾರಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳು) ಕೊಡಲು ಆರೇ ದಿನದ ಅವಕಾಶ. ಲಸಿಕೆ ಕಾರ್ಡಿನ ಮೇಲೆ 'ಸ್ಟೆರಾಯ್ಡ್ ಕೊಡುತ್ತಿದ್ದೇವೆ' ಅಂತ ದೊಡ್ಡದಾಗಿ ಬರೆದಿಡಿ.

ಆರು ತಿಂಗಳ ಅಪ್ಪ: ನೆಗಡಿ, ಸ್ವಲ್ಪ ಕೆಮ್ಮು. ಹಾಕಿಸಬಹುದಾ?

ಡಾಕ್ಟರ್: ಮೇಲೆ ನೋಡಿ.

ಸತ್ಯಶೋಧಕ: *ಫಾರ್ವರ್ಡ್:* ಲಸಿಕೆಯ ವಿಷ ಇಳಿಯಲು ಅದೇ ದಿನ ಇದ್ದಿಲ ಪುಡಿ ನೀರಲ್ಲಿ ಕಲಸಿ ಕುಡಿಸಿ.

ಡಾಕ್ಟರ್: ಯಾರೂ ಕುಡಿಸಬೇಡಿ. ಲಸಿಕೆ ಇರುವುದು ತೊಡೆಯ ಸ್ನಾಯುವಿನಲ್ಲಿ, ಇದ್ದಿಲು ಹೋಗುವುದು ಹೊಟ್ಟೆಗೆ. ಅಲ್ಲಿಂದ ಏನನ್ನು ಹೀರುತ್ತೆ? ಮಗು ಕೆಮ್ಮಿದಾಗ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಓದದೆ ತಳ್ಳುವ ಚಟ ಬಿಡಿ.

ಸತ್ಯಶೋಧಕ: ಎಂಎಂಆರ್‌ನಲ್ಲಿ ಪಾದರಸ ಇದೆ, ಆಟಿಸಂ ಬರುತ್ತೆ. ಅದನ್ನ ಮಾತ್ರ ಯಾರೂ ಹೇಳಲ್ಲ.

ಲ್ಯಾಬ್ ಅಕ್ಕ: ಎಂಎಂಆರ್‌ನಲ್ಲಿ ಪಾದರಸ ಇರುವ ಥಿಯೋಮರ್ಸಾಲ್ ಅನ್ನೋ ಸಂರಕ್ಷಕ ಎಂದೂ ಇರಲಿಲ್ಲ, ಹಾಕಿದರೆ ಜೀವಂತ ವೈರಸ್ಸೇ ಕೆಡುತ್ತೆ. ಆಟಿಸಂ ಕಥೆ ಹುಟ್ಟಿದ್ದು 1998ರ ಲೇಖನದಿಂದ, ಅದರಲ್ಲಿದ್ದದ್ದು 12 ಮಕ್ಕಳು. ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಅದನ್ನು ಹಿಂಪಡೆಯಿತು.

ಸತ್ಯಶೋಧಕ: ಒತ್ತಡ ಹಾಕಿ ಹಿಂಪಡೆಸಿದ್ದು.

ಲ್ಯಾಬ್ ಅಕ್ಕ: ಬರೆದವರಲ್ಲೇ 10 ಮಂದಿ 2004ರಲ್ಲೇ ಆ ತೀರ್ಮಾನದಿಂದ ಹಿಂದೆ ಸರಿದಿದ್ದರು. ಅವರಿಗೂ ಒತ್ತಡವಾ?

ಸತ್ಯಶೋಧಕ: ನೀವು ಕಂಪನಿ ಏಜೆಂಟಾ?

ಹೊಸ ಅಪ್ಪ: ಜ್ವರದ ಮಗು ಇಟ್ಕೊಂಡು ಕೂತಿದ್ದೀವಿ ರೀ. ಜಗಳ ಆಚೆ ಇಟ್ಕೊಳ್ಳಿ.

ನೀಲಿ ಚಿಟ್ಟೆ: ಬಿಸಿಜಿ ಕಲೆ??

ಗುಂಡ ಅಮ್ಮ: ಎರಡನೇ ಪೆಂಟಾ ಮೂರು ತಿಂಗಳು ತಪ್ಪಿದೆ. ಮೊದಲಿಂದ ಶುರುವಾ?

ಡಾಕ್ಟರ್: ಇಲ್ಲ. ನಿಂತಲ್ಲಿಂದ ಮುಂದಕ್ಕೆ, ಡೋಸುಗಳ ನಡುವೆ ಕನಿಷ್ಠ 4 ವಾರ. ನಾಳೆಯೇ ಹೋಗಿ.

ತ್ರಿಮೂರ್ತಿ ತಂದೆ: ಸರ್, ನೆಗಡಿ ಇದ್ದರೆ…

ಲ್ಯಾಬ್ ಅಕ್ಕ: ಅಯ್ಯೋ!

ಚಿನ್ನು ಅಮ್ಮ: ಡಾಕ್ಟ್ರೇ, ಅವನ ಅಕ್ಕನಿಗೆ ಪೋಲಿಯೊ ಡ್ರಾಪ್ಸ್ ಇದೆ. ಪರವಾಗಿಲ್ವಾ?

ಡಾಕ್ಟರ್: ಒಳ್ಳೆ ಪ್ರಶ್ನೆ. ಬಾಯಿಗೆ ಹಾಕುವ ವೈರಸ್ ವಾರಗಟ್ಟಲೆ ಮಲದಲ್ಲಿ ಹೊರಬರುತ್ತದೆ. ಅವಳಿಗೆ ಡ್ರಾಪ್ಸ್ ಬದಲು ಪೋಲಿಯೊ ಇಂಜೆಕ್ಷನ್ ಕೇಳಿ. ಎಂಎಂಆರ್ ಅವಳಿಗೆ ಬಾಕಿ ಇದ್ದರೆ ಹಾಕಿಸಿ, ಅದು ಅವಳಿಂದ ತಮ್ಮನಿಗೆ ಹರಡುವುದಿಲ್ಲ.